ಎರಡು ಪೌಂಡ್ ಜಾಸ್ತಿ

ಹೋದ ಭಾನುವಾರ ಜೆ.ಪಿ. ನಗರದ ಕೋರ್ಟಿನಲ್ಲಿ ಮಗಳು ಹೊಸ ಟೆನಿಸ್ ಬಾಲ್ ಡಬ್ಬಿಯ ಮುಚ್ಚಳ ಕಿತ್ತಳು. ಪುಸ್ ಎಂದು ಗಾಳಿ ಹೊರಟಿತು, ಹಿಂದೆಯೇ ಆ ವಾಸನೆ. ರಬ್ಬರ್, ಅಂಟು, ಹೊಸ ಉಣ್ಣೆ ಎಲ್ಲ ಸೇರಿದ ವಾಸನೆ. ಅದಕ್ಕೆ ಒಂದಿಷ್ಟು ಊದುಬತ್ತಿ ಹೊಗೆ, ಒಳಮನೆಯಿಂದ ಬರುವ ಇಂಗಿನ ಒಗ್ಗರಣೆ ಸೇರಿಸಿದರೆ ಜಯನಗರ ಒಂಬತ್ತನೇ ಬ್ಲಾಕಿನ ಗಟ್ಟಿಂಗ್ ಅಂಕಲ್ ಅಂಗಡಿ ಆಗಿಬಿಡುತ್ತದೆ. ಮಗಳು ಎರಡು ಸಲ ಕೂಗಿದ ಮೇಲೆ ನನಗೆ ಎಚ್ಚರವಾಯಿತು.

ರಾಕೆಟ್ಟಿಗೆ ದಾರ ಬಿಗಿಯುವ ಕೆಲಸಕ್ಕೆ ನಮ್ಮಲ್ಲಿ ಗಟ್ಟಿಂಗ್ ಎನ್ನುತ್ತಾರೆ. ಅಂಕಲ್ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಆ ಕೆಲಸ ಮಾಡುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗಿನಿಂದ ನನ್ನ ರಾಕೆಟ್ ಅವರ ಕೈಯಲ್ಲೇ. ಎಷ್ಟು ಬಿಗಿ ಬೇಕು ಅನ್ನುವುದನ್ನು ಪೌಂಡಿನಲ್ಲಿ ಹೇಳಬೇಕು. ನಾನು ದೊಡ್ಡ ಆಟಗಾರ್ತಿಯ ಹಾಗೆ ‘ಐವತ್ತೈದು’ ಅಂದರೆ ಅವರು ಕನ್ನಡಕದ ಮೇಲಿಂದ ನೋಡಿ, “ನಿನ್ ಕೈಗೆ ನಲವತ್ತೆಂಟು ಸಾಕಮ್ಮ” ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು. ನಲವತ್ತೆಂಟರಲ್ಲೇ ಆಟ ಚೆನ್ನಾಗಿ ಬರುತ್ತಿತ್ತು ಅನ್ನುವುದು ಬೇರೆ ಮಾತು.

ಆ ಕೋಣೆಯ ಗೋಡೆಯಲ್ಲಿ ದೇವರ ಪಟದ ಪಕ್ಕ, ಸಣ್ಣ ಫ್ರೇಮಿನೊಳಗೆ ಒಂದು ಚೀಟಿ. ಅದರಲ್ಲಿ ಯಾರೋ ಗೀಚಿದ ಅಂಕೆ: ಐವತ್ತೆರಡು. ಕ್ರೊಯೇಷಿಯಾದ ಒಬ್ಬ ಆಟಗಾರ ಬರೆದುಕೊಟ್ಟ ಚೀಟಿ ಅದು. ಒಮ್ಮೆ ನಮ್ಮೂರಲ್ಲಿ ಅಂತಾರಾಷ್ಟ್ರೀಯ ಟೂರ್ನಮೆಂಟ್ ನಡೆದಾಗ ಅಲ್ಲಿಯ ಗಟ್ಟಿಂಗ್ ಮೆಷಿನ್ ಕೈಕೊಟ್ಟಿತಂತೆ. ಯಾರೋ ದಾರಿ ಹೇಳಿ, ಆ ಹುಡುಗ ಟೂರ್ನಮೆಂಟಿನವನೊಬ್ಬನ ಜೊತೆ ಮೂರು ರಾಕೆಟ್ ಹಿಡಿದುಕೊಂಡು ಆಟೋದಲ್ಲಿ ಇವರ ಮನೆಗೇ ಬಂದಿಳಿದ. ಬಾಗಿಲಿಗೆ ತಲೆ ತಗುಲದ ಹಾಗೆ ಬಗ್ಗಿ ಒಳಗೆ ಬಂದದ್ದು, ಆಂಟಿ ಕೊಟ್ಟ ಕೋಡುಬಳೆಯನ್ನು ಬಳೆಯ ಹಾಗೆ ಬೆರಳಿಗೆ ಹಾಕಿಕೊಂಡು ನಕ್ಕದ್ದು... ಇವನ್ನೆಲ್ಲ ನಾನು ನೂರು ಸಲ ಕೇಳಿದ್ದೇನೆ. ಹೊಸಬರು ಯಾರೇ ರಾಕೆಟ್ ತಂದರೂ ಅಂಕಲ್ ಚೀಟಿ ತೋರಿಸುತ್ತಿದ್ದರು. “ನನ್ ಕೈ ಗಟ್ಟಿಂಗಲ್ಲಿ ಇಂಟರ್‌ನ್ಯಾಷನಲ್ ಮ್ಯಾಚ್ ಆಡಿದಾನೆ ಸಾರ್ ಅವನು” ಎಂಬ ಮಾತು ಮುಗಿದ ಮೇಲೇ ಕೆಲಸ ಶುರು.

ಅವನ ಆಟದ ಬದುಕನ್ನೆಲ್ಲ ಅಂಕಲ್ ಈ ಕೋಣೆಯಲ್ಲಿ ಕೂತೇ ಅನುಸರಿಸಿದರು. ಮೊದಮೊದಲು ಪೇಪರಿನ ಆಟದ ಪುಟದ ಕೊನೆಯಲ್ಲಿ ಬರುವ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅವನ ಹೆಸರು ಹುಡುಕುತ್ತಿದ್ದರು. ಆಮೇಲೆ ನನ್ನ ಫೋನಿನಲ್ಲಿ. ಬೆಂಗಳೂರಿನಲ್ಲಿ ಮೊದಲ ಸುತ್ತಿನಲ್ಲೇ ಸೋತವನು ಮುಂದೆ ಮೊಣಕೈ ಆಪರೇಷನ್ ಮಾಡಿಸಿಕೊಂಡ. ವರ್ಷಗಟ್ಟಲೆ ಕಾಣೆಯಾದ. ವಾಪಸು ಬಂದು ಸಣ್ಣ ಪುಟ್ಟ ಊರುಗಳ ಟೂರ್ನಮೆಂಟುಗಳಲ್ಲಿ ಆಡಿದ. ಒಂದೆರಡು ಕಡೆ ಫೈನಲ್ ತನಕ ಹೋದ, ಮತ್ತೆ ಕೈನೋವು, ಮತ್ತೆ ಮಾಯ. ರ‍್ಯಾಂಕಿಂಗ್ ಏರುವುದಕ್ಕಿಂತ ಇಳಿದದ್ದೇ ಹೆಚ್ಚು. ನನಗೆ ಮದುವೆಯಾಗಿ ಇಟ್ಟಮಡುವಿಗೆ ಬಂದಮೇಲೂ ಅಂಕಲ್ ಫೋನ್ ಮಾಡುತ್ತಿದ್ದರು, “ನಮ್ಮವನು ಏನ್ ಮಾಡಿದ ನೋಡಮ್ಮ ಸ್ವಲ್ಪ” ಎಂದು. ಸೋತ ಅಂದರೆ ತಟ್ಟನೆ ಫೋನ್ ಇಟ್ಟುಬಿಡುತ್ತಿದ್ದರು. ಅಭಿಮಾನ ಇಷ್ಟೊಂದು ಇರುತ್ತದೆಯೇ ಎಂದು ನಾನು ಮನೆಯಲ್ಲಿ ನಗಾಡಿದ್ದೂ ಉಂಟು.

ಅವನು ನಿವೃತ್ತಿ ಘೋಷಿಸಿದ ವಿಡಿಯೋವನ್ನು ನಾನೇ ಅಂಗಡಿಗೆ ಹೋಗಿ ತೋರಿಸಿದೆ. ಅವನ ಭಾಷೆ ನಮಗಿಬ್ಬರಿಗೂ ಬರುವುದಿಲ್ಲ. ಮಾತಿನ ನಡುವೆ ಅವನು ತನ್ನ ಬಲ ಮೊಣಕೈ ಮುಟ್ಟಿಕೊಂಡ, ನಕ್ಕ, ಕಣ್ಣು ಒರೆಸಿಕೊಂಡ. ಅಂಕಲ್ ಅದೊಂದು ಜಾಗವನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಎದ್ದು ಒಳಗಿನ ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಅದು ನಾನ್ ಮಾಡಿದ್ದಮ್ಮ” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮೂರು ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ಹಾರುತ್ತದೆ. ಸಮುದ್ರದ ಕಡೆಯಿಂದ ಬಂದವರಿಗೆ ಇದು ಗೊತ್ತಿರದೆ ಮೊದಲ ದಿನವೆಲ್ಲ ಗೆರೆಯಾಚೆಗೆ ಹೊಡೆಯುತ್ತಾರೆ. ದಾರ ಬಿಗಿ ಇದ್ದರೆ ಚೆಂಡು ಹಿಡಿತದಲ್ಲಿರುತ್ತದೆ. ಅದಕ್ಕೇ ಹೊರಗಿನಿಂದ ಬಂದ ಆಟಗಾರರಿಗೆಲ್ಲ ಅಂಕಲ್ ಕೇಳಿದ್ದಕ್ಕಿಂತ ಎರಡು ಪೌಂಡ್ ಜಾಸ್ತಿ ಎಳೆಯುತ್ತಿದ್ದರು, ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದರಾಸಿನವರು, ಮುಂಬೈನವರು ಗೆದ್ದು ಬಂದು ಕೈಕುಲುಕಿ ಹೋಗಿದ್ದರು. ಇವನಿಗೂ ಅದೇ ಉಪಕಾರ ಮಾಡಿದರು. ರಾಕೆಟ್ ಕೊಟ್ಟಾದ ಮೇಲೆ, ದುಡ್ಡು ಕೊಡಲು ಹಿಂದೆ ಉಳಿದ ಆ ಟೂರ್ನಮೆಂಟಿನವನು ಮಾತಿನ ನಡುವೆ ಹೇಳಿದನಂತೆ: ಇವನ ಮಾಮೂಲಿ ಬಿಗಿ ಐವತ್ತು, ಈ ಊರು ಎತ್ತರ ಅಂತ ತಾನೇ ಎರಡು ಏರಿಸಿಕೊಂಡಿದ್ದಾನೆ. ಅಂದರೆ ಒಟ್ಟು ನಾಲ್ಕು ಪೌಂಡ್ ಏರಿತ್ತು. ಅಷ್ಟು ಬಿಗಿಯಾದರೆ ಹೊಡೆದ ಏಟೆಲ್ಲ ಮೊಣಕೈಗೆ ಬಂದು ಕೂರುತ್ತದೆ.

“ಹೇಳ್ಬೇಕಿತ್ತು. ಬಾಯಿಗ್ ಬರ್ಲಿಲ್ಲ... ಮಾರನೇ ದಿನ ಗ್ಯಾಲರೀಲಿ ಹಿಂದೆಲ್ಲೋ ಕೂತ್ಕೊಂಡ್ ನೋಡ್ದೆ. ಎರಡನೇ ಸೆಟ್ಟಲ್ಲಿ ಕೈ ಒದರ್ತಾ ಇದ್ದ ಪಾಪ.”

ಇಷ್ಟು ವರ್ಷ ಇದನ್ನು ಆಂಟಿಗೂ ಹೇಳಿರಲಿಲ್ಲವಂತೆ. ಚೀಟಿ ತೋರಿಸಿ ಜಂಭ ಪಟ್ಟುಕೊಂಡ ಬಾಯಿಯಲ್ಲಿ ಇದು ಹೊರಡುವುದಾದರೂ ಹೇಗೆ? “ಒಂದ್ ಸಾರಿ ಅವನಿಗೆ ವಿಷಯ ತಿಳಿಸಿ ಕ್ಷಮೆ ಕೇಳ್ಬೇಕು. ನಿಂಗೆ ಇಂಗ್ಲಿಷ್ ಬರತ್ತೆ, ಬರೆದ್ಕೊಡಮ್ಮ” ಎಂದು ಎಪ್ಪತ್ತು ದಾಟಿದ ಆ ಮನುಷ್ಯ ನನ್ನನ್ನು ಕೇಳಿದರು.

ಅವನು ತನ್ನೂರಲ್ಲಿ ಮಕ್ಕಳಿಗೆ ಆಟ ಕಲಿಸುವ ಶಾಲೆ ಇಟ್ಟಿದ್ದ. ಅದರ ವಿಳಾಸ ಹುಡುಕಿ ನಾನು ಉದ್ದಕ್ಕೆ ಮೇಲ್ ಬರೆದೆ. ದಿನಗಳು ಹೋದವು. ಅಂಕಲ್ ದಿನಕ್ಕೊಂದು ಸಲ ಫೋನ್ ಮಾಡಿ “ಬಂತಾಮ್ಮ?” ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದರು. ಹೊಸ ರಾಕೆಟ್ ಒಪ್ಪಿಕೊಳ್ಳುವುದನ್ನು ಕಡಿಮೆ ಮಾಡಿದ್ದರು. ಊಟವೂ ಅಷ್ಟಕ್ಕಷ್ಟೇ ಎಂದು ಆಂಟಿ ಗೊಣಗುತ್ತಿದ್ದರು.

ಮೂರು ವಾರವಾದ ಮೇಲೆ ಉತ್ತರ ಬಂತು. ಬ್ಯಾಂಕಿನಲ್ಲಿ ನನ್ನ ಕೌಂಟರಿನಲ್ಲಿ ಕೂತೇ ಓದಿದೆ. ಓದಿದವಳಿಗೆ ಕುಣಿಯುವ ಹಾಗಾಯಿತು. ಅರ್ಧ ದಿನ ರಜೆ ಹಾಕಿ, ಸ್ಕೂಟರ್ ಹತ್ತಿ, ನೇರ ಒಂಬತ್ತನೇ ಬ್ಲಾಕಿಗೆ ಹೋದೆ. ನನ್ನ ಸ್ವಭಾವವೇ ಹಾಗೆ, ಒಳ್ಳೆಯ ಸುದ್ದಿ ನನ್ನ ಹೊಟ್ಟೆಯಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ, ಆ ಉತ್ತರವನ್ನು ಇನ್ನೊಂದು ಸಲ ಅಂಕಲ್ ಕಣ್ಣಲ್ಲಿ ಓದಿ ನೋಡಬೇಕಿತ್ತು. ಓದಲಿಲ್ಲ.

“ನಿಮ್ ತಪ್ಪೇ ಅಲ್ಲ ಅಂಕಲ್, ಕೇಳಿಲ್ಲಿ!” ಎನ್ನುತ್ತಾ ಒಳಗೆ ನುಗ್ಗಿ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವನು ಬಹಳ ಮರ್ಯಾದೆಯಿಂದ ಬರೆದಿದ್ದ. ಬೆಂಗಳೂರಿಗೆ ಬರುವ ಮೊದಲೇ ನನ್ನ ಮೊಣಕೈ ಕೆಟ್ಟಿತ್ತು. ನಿಮ್ಮ ಅಂಕಲ್ ಕಟ್ಟಿಕೊಟ್ಟ ರಾಕೆಟ್ಟುಗಳನ್ನು ಆ ಸಂಜೆ ಅಭ್ಯಾಸದಲ್ಲಿ ಹತ್ತು ನಿಮಿಷ ಹಿಡಿದು ನೋಡಿದೆ, ಬಿಗಿ ಜಾಸ್ತಿ ಅನಿಸಿ ಬ್ಯಾಗಿಗೆ ಹಾಕಿಬಿಟ್ಟೆ. ಮ್ಯಾಚ್ ಆಡಿದ್ದು ಊರಿಂದ ತಂದಿದ್ದ ಬೇರೆ ರಾಕೆಟ್ಟಿನಲ್ಲಿ. ದಯವಿಟ್ಟು ಅವರು ನಿಶ್ಚಿಂತೆಯಾಗಿರಲಿ. ಕೋಡುಬಳೆಯ ರುಚಿ ಇನ್ನೂ ನೆನಪಿದೆ.

ಅಂಕಲ್ ನಗುತ್ತಾರೆ, ಅಳುತ್ತಾರೆ, ಆಂಟಿಯನ್ನು ಕರೆದು ಕಾಫಿ ಮಾಡಿಸುತ್ತಾರೆ ಎಂದೆಲ್ಲ ನಾನು ಕಾಯುತ್ತಾ ನಿಂತಿದ್ದೆ. ಅವರು ಕೈಯಲ್ಲಿದ್ದ ದಾರದ ಸುರುಳಿಯನ್ನು ಮೇಜಿನ ಮೇಲಿಟ್ಟರು.

“ಹಂಗಾದ್ರೆ... ಆಡ್ಲೇ ಇಲ್ಲ ಅನ್ನು.”

ಆಗ ನನಗೆ ತಿಳಿಯಿತು. “ಎಷ್ಟೋ ವರ್ಷ ಆಯ್ತಲ್ಲ ಅಂಕಲ್, ಅವನಿಗೆ ಮರ್ತೋಗಿರತ್ತೆ” ಎಂದು ಏನೇನೋ ತೇಪೆ ಹಾಕಲು ಹೋದೆ.

“ಆಟಗಾರ ರಾಕೆಟ್ ಮರೆಯಲ್ಲಮ್ಮ” ಎಂದರು. ದಾರದ ಸುರುಳಿಯನ್ನು ಮತ್ತೆ ಕೈಗೆತ್ತಿಕೊಂಡು, “ಒಳ್ಳೇದಾಯ್ತು ಬಿಡು, ಅವನ್ ಕೈ ಹಾಳ್ ಮಾಡಿದ್ದು ನಾನಲ್ವಲ್ಲ” ಎಂದು ನನ್ನ ಸಮಾಧಾನಕ್ಕೋಸ್ಕರ ಹೇಳಿದರು. ನಾನು ಕೊಡಬೇಕೆಂದು ತಂದದ್ದನ್ನು ಅವರೇ ನನಗೆ ಕೊಡುತ್ತಿದ್ದರು. ಆ ಒಂದು ತಪ್ಪಿನ ಜೊತೆಗೇ ಅವರ ಒಂದು ದೊಡ್ಡ ಕೆಲಸವೂ ಅಂಟಿಕೊಂಡಿತ್ತು. ನಾನು ಎರಡನ್ನೂ ಒಟ್ಟಿಗೆ ಕಿತ್ತು ಹಾಕಿದ್ದೆ. ಆಡಿದ ಮಾತನ್ನು ಹೇಗೆ ವಾಪಸು ತೆಗೆದುಕೊಳ್ಳುವುದು?

ಆಮೇಲೆ ಹೋದಾಗಲೆಲ್ಲ ಅಂಕಲ್ ಎಂದಿನ ಹಾಗೇ ಮಾತಾಡಿಸುತ್ತಿದ್ದರು. ಒಮ್ಮೆ ನಾನಿದ್ದಾಗಲೇ ಗೊಟ್ಟಿಗೆರೆಯಿಂದ ಬಂದ ಒಬ್ಬರು ಗೋಡೆಯ ಕಡೆ ಬೆರಳು ತೋರಿಸಿ, “ಅದೇನ್ ಸಾರ್ ಚೀಟಿ?” ಎಂದು ಕೇಳಿದರು. ಅಂಕಲ್ “ಯಾವ್ದೋ ಹಳೇದು” ಎಂದು ಹೇಳಿ ಅವರ ರಾಕೆಟ್ ತಿರುಗಿಸಿ ನೋಡತೊಡಗಿದರು. ನಾನು ತಲೆ ಎತ್ತಲಿಲ್ಲ. ಅವನಿಗೆ ಇನ್ನೊಂದು ಮೇಲ್ ಬರೆಯಲು ಕೂತೆ, ಒಂದು ಸುಳ್ಳು ಬರೆದುಕೊಡಪ್ಪ ಎಂದು... ಅಳಿಸಿಬಿಟ್ಟೆ. ಆ ವರ್ಷವೇ ಅಂಕಲ್‌ಗೆ ಎದೆನೋವು ಬಂತು. ಒಂದೇ ದಿನ ಆಸ್ಪತ್ರೆಯಲ್ಲಿದ್ದರು.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ನೆಂಟರೆಲ್ಲ ಮುಂದಿನ ಕೋಣೆಯಲ್ಲಿ ಕೂತಿದ್ದರು. ಯಾರೋ ಅಂಕಲ್ ಕೆಲಸದ ಮಾತೆತ್ತಿದರು. ಆಂಟಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಇವರ ಕೈ ಗಟ್ಟಿಂಗಲ್ಲೇ ಅಲ್ವಾ ಆ ಫಾರಿನ್ ಹುಡುಗ ಮ್ಯಾಚ್ ಆಡಿದ್ದು? ಹೇಳಮ್ಮ, ನಿಂಗೇ ಚೆನ್ನಾಗಿ ಗೊತ್ತಿರೋದು” ಎಂದರು. ಅಂಕಲ್ ಅವರಿಗೆ ಏನೂ ಹೇಳಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

“ಹೌದು ಆಂಟಿ. ಅಂಕಲ್ ಕಟ್ಟಿದ ರಾಕೆಟ್ಟಲ್ಲೇ ಆಡಿದ್ದು. ಅವನೇ ಬರ್ದಿದಾನೆ ನಂಗೆ” ಎಂದೆ.

ಎಷ್ಟು ಸುಲಭವಾಗಿ ಬಂತು! ನಾಲಿಗೆ ತಡವರಿಸಲೇ ಇಲ್ಲ. ಆಂಟಿ ಈಗ ಸುಬ್ರಹ್ಮಣ್ಯಪುರದಲ್ಲಿ ಮಗಳ ಜೊತೆ ಇದ್ದಾರೆ, ಮೊನ್ನೆ ಫೋನಿನಲ್ಲೂ ಅದನ್ನೇ ಕೇಳಿದರು, ನಾನು ಅದನ್ನೇ ಹೇಳಿದೆ. ಯಾರು ಕೇಳಿದರೂ ಈಗ ಹೇಳಬಲ್ಲೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಮಾತ್ರ ಇಲ್ಲ.