ಏಕನಾಥರಿಲ್ಲದ ಒಂದು ದಿನ

ಮಾಳಮಡ್ಡಿಯ ಏಕನಾಥರು ತಾರಿಹಾಳದ ಸರಕು ಸಾಗಣೆ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅಲ್ಲಿ ಬುಕಿಂಗಿಗೆ, ಬಿಲ್ಲಿಗೆ, ಲಾರಿಗಳ ಜಾಡು ಹಿಡಿಯಲಿಕ್ಕೆ ಬೇರೆ ಬೇರೆ ‘ಸರ್ವಿಸ್’ಗಳು, ಅಂದರೆ ಕಂಪ್ಯೂಟರಿನಲ್ಲಿ ಸದಾ ಓಡುವ ಪ್ರೋಗ್ರಾಮುಗಳು, ಇದ್ದವು. ಒಂದು ಕೆಟ್ಟು ನಿಂತರೆ ಅದರ ಕೆಲಸವನ್ನು ಅದರದೇ ಇನ್ನೊಂದು ಪ್ರತಿಗೆ ತಿರುಗಿಸುವುದೇ ಅವರ ಅನ್ನದ ದಾರಿ. ಈ ವರ್ಷ ಅದನ್ನೆಲ್ಲ ತಾನಾಗಿಯೇ ಮಾಡುವ ‘ಸರ್ವಿಸ್ ಮೆಶ್’ ತಂತ್ರಾಂಶ ಬಂತು. ಅಳವಡಿಸುವ ಹೊಣೆಯೂ ಅವರಿಗೇ ಬಂತು. ಅರೆಮನಸ್ಸಿನಿಂದ ಕೆಲಸ ಮಾಡಿ ಗೊತ್ತಿಲ್ಲದ ಅವರು ಅಚ್ಚುಕಟ್ಟಾಗಿಯೇ ಅಳವಡಿಸಿದರು.

ಪರೀಕ್ಷೆಗೆಂದು ಕಂಪ್ಯೂಟರುಗಳ ಮೇಲೆ ಕೆಲಸದ ಭಾರ ಹೆಚ್ಚಿಸಿದರು. ಸರ್ವಿಸ್‌ಗಳನ್ನು ಒಂದೊಂದಾಗಿ ಬೇಕೆಂದೇ ನಿಲ್ಲಿಸಿ ನೋಡಿದರು. ಉಳಿದವು ತಡವರಿಸದೆ ನಡೆದವು.

“ಇನ್ನೊಂದನ್ನ ತಗದು ನೋಡೂದೈತ್ರಿ ಕಾಕಾ,” ಎಂದ ಯುವ ಮಾಲೀಕ ಶಿವಯೋಗೀಶ.

“ಯಾವುದಪಾ ಅದು?”

“ನಿಮ್ಮನ್ನ! ನಾಳಿ ಫೋನ್ ಬಂದ್ ಮಾಡಿ ಮನ್ಯಾಗ ಕುಂಡ್ರಿ.”

ಮರುದಿನ ಏಕನಾಥರು ಮನೆಯಲ್ಲಿ ಕುಳಿತು, ತಾವು ಅಳವಡಿಸಿದ್ದು ಒಂದು ಸಲವಾದರೂ ಕೆಡಲಿ ಎಂದು ಬಯಸಿದರು, ಬಯಸಿದ್ದಕ್ಕೆ ನಾಚಿದರು. ಸಂಜೆ ತಡೆಯಲಾರದೆ ಆಫೀಸಿಗೆ ಹೋದರೆ, ಎಲ್ಲರೂ ಮಿರ್ಚಿ ಭಜಿ ತಿನ್ನುತ್ತಿದ್ದರು.

“ಹೆಂಗ ನಡೀತು?”

“ಭಾಳ ಛಲೋ ನಡೀತ್ರಿ,” ಎಂದ ಶಿವಯೋಗೀಶ. “ಮಧ್ಯಾಹ್ನ ಬಿಲ್ಲಿನ ಸರ್ವಿಸ್ ಬಿತ್ತು. ಯಾರಿಗೂ ಗೊತ್ತ ಆಗಲಿಲ್ಲ.”

“ಹಂಗಾದ್ರ ನಾಳಿ ಬರಲೇನು?”

“ಪರೀಕ್ಷಾ ಇನ್ನೂ ಮುಗದಿಲ್ರಿ ಕಾಕಾ. ನಿಮ್ಮ ನೆನಪಾದಾಗ ಹೇಳಿ ಕಳಸ್ತೇವಿ.”

ಎಲ್ಲರೂ ನಕ್ಕರು. ಏಕನಾಥರೂ ನಗಲು ನೋಡಿದರು. ತಾವು ಅಳವಡಿಸಿದ್ದರಲ್ಲಿ ಕೆಡುವಂಥದ್ದೇನೂ ಇಲ್ಲವೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.