ಅನಸೂಯಾ ಗಂಡನ ಹೆಸರು ಹೇಳಿದ ದಿನ

ಡಾಕ್ಟರ್ ಅನಸೂಯಾ ಅಮೆರಿಕದ ಟೆಕ್ಸಸ್‌ನ ಕಾಪೆಲ್ ಊರಿನಲ್ಲಿ ಹೆರಿಗೆ ಮಾಡಿಸುತ್ತಲೇ ತಲೆ ನರೆಸಿಕೊಂಡವರು. ನಿವೃತ್ತರಾದ ಮೇಲೆ ಮೊಮ್ಮಕ್ಕಳನ್ನು ಆಡಿಸಿಕೊಂಡಿರಿ ಎಂದವರಿಗೆಲ್ಲ ಹೂಂಗುಟ್ಟಿ, ಹೋಗಿ ಮತಗಟ್ಟೆಯ ಮೇಜಿನ ಹಿಂದೆ ಕೂತರು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಒಂದು ಕಾಲಕ್ಕೆ ಬಿಳಿಯರಿಗೆ ಮಾತ್ರ ಮತವಿತ್ತಂತೆ. ಹೂಸ್ಟನ್ನಿನ ಕಪ್ಪು ದಂತವೈದ್ಯರೊಬ್ಬರು ಕೋರ್ಟು ಹತ್ತಿ ಆ ಬಾಗಿಲು ತೆಗೆಸಿದರಂತೆ. ತೆಗೆದ ಬಾಗಿಲನ್ನು ಯಾರಾದರೂ ಕಾಯಬೇಕಲ್ಲ ಎನ್ನುವುದು ಇವರ ಹಟ.

ಇಷ್ಟು ಹಟದ ಹೆಂಗಸು ಒಂದು ವಿಷಯದಲ್ಲಿ ಮಾತ್ರ ಅಜ್ಜಿಯ ಮೊಮ್ಮಗಳು. ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆಯಲ್ಲಿ ಹೆಸರು ಹೇಳಿಸುವ ಶಾಸ್ತ್ರಕ್ಕೂ ನಾಚಿ ತಪ್ಪಿಸಿಕೊಂಡಿದ್ದರು. "ರೀ" ಎಂದರೆ ಮುಗಿಯಿತು.

ಮಾರ್ಚ್‌ನ ಪ್ರೈಮರಿಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದೆ, ಮೇ ತಿಂಗಳಲ್ಲಿ ಮೊದಲಿಬ್ಬರ ನಡುವೆ ರನ್‌ಆಫ್ ಎಂಬ ಎರಡನೇ ಸುತ್ತು ನಡೆಯಿತು. ಅವರಲ್ಲಿ ಒಬ್ಬಳು ಗೆಳತಿಯ ಮಗಳು ಪ್ರಗತಿ, ಅನಸೂಯಾ ಕೈಯಲ್ಲೇ ಹುಟ್ಟಿದವಳು. ಗಂಡ ನಂಜುಂಡಸ್ವಾಮಿ ಇಸ್ತ್ರಿ ಶರ್ಟು ತೊಟ್ಟು ಸಾಲಿನಲ್ಲಿ ಬಂದರು. ಗುರುತಿಗೆಂದು ಕೊಟ್ಟ ಡ್ರೈವಿಂಗ್ ಲೈಸೆನ್ಸ್ ಸ್ಕ್ಯಾನ್ ಮಾಡಿದ ಅನಸೂಯಾ ಪರದೆಯ ಮೇಲೆ ಬಂದದ್ದನ್ನು ಎರಡು ಸಲ ಓದಿದರು. ಮಾರ್ಚ್‌ನಲ್ಲಿ ಇವರು ಎದುರು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದ್ದರು. ಹಾಗೆ ಹಾಕಿದವರು ಈ ಪಕ್ಷದ ರನ್‌ಆಫ್‌ನಲ್ಲಿ ಹಾಕುವಂತಿಲ್ಲ. ಮನೆಯಲ್ಲಿ ಮಾತ್ರ "ಪ್ರಗತಿಗೇ ಹಾಕ್ದೆ ಕಣೇ" ಎಂದಿದ್ದರು.

"ಏನ್ರೀ ಇದು?" ಅನಸೂಯಾ ಪಿಸುಗುಟ್ಟಿದರು.

"ನಮ್ಮ ಫ್ರೆಂಡ್ ಸುಧೀಂದ್ರ ಹೇಳ್ದ. ಆ ಕಡೆ ಕೈಲಾಗದವನನ್ನ ಗೆಲ್ಸಿದ್ರೆ ನವೆಂಬರ್ ಎಲೆಕ್ಷನ್‌ನಲ್ಲಿ ಪ್ರಗತಿಗೆ ಈಸಿ ಅಂತ. ಅದು ಇಲ್ಲಿಗೆ ಅಡ್ಡ ಬರತ್ತೆ ಅಂತ ಗೊತ್ತಿರ್ಲಿಲ್ಲ." ನಂಜುಂಡಸ್ವಾಮಿ ಬೆವರುತ್ತಿದ್ದರು. "ಮಷೀನ್ ಕೆಟ್ಟಿದೆ ಅಂದ್ಬಿಡು, ಹೊರಟೋಗ್ತೀನಿ. ಹಿಂದೆ ನಿಂತಿರೋರೆಲ್ಲ ನಮ್ಮ ಕನ್ನಡ ಸಂಘದವರು."

ಪುಣ್ಯಾತ್ಮರು ತಾವೇ ತೋಡಿದ ಹಳ್ಳಕ್ಕೆ ತಾವೇ ಬಿದ್ದಿದ್ದರು.

ಅಷ್ಟರಲ್ಲಿ ಹಿಂದಿದ್ದವನೊಬ್ಬ, ಈ ಮಷೀನುಗಳನ್ನು ನಂಬುವ ಹಾಗೇ ಇಲ್ಲ ಎಂದು ಗೊಣಗಿದ. ಅಕ್ಕಪಕ್ಕದವರು ತಲೆಯಾಡಿಸಿದರು. ಒಂದು ಸುಳ್ಳು ಹೇಳಿದರೆ ಗಂಡನ ಮಾನ ಉಳಿಯುತ್ತಿತ್ತು, ಮತಗಟ್ಟೆಯದು ಹೋಗುತ್ತಿತ್ತು. ಅನಸೂಯಾಗೆ ಗಂಡನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಪಾಪ ಎನಿಸಿತು.

ತೊಡಕು ಬಂದರೆ ಮತದಾರರ ಹೆಸರು ಹೇಳಿ ಮತಗಟ್ಟೆಯ ಮುಖ್ಯಾಧಿಕಾರಿಯನ್ನು ಕರೆಯುವುದು ಅಲ್ಲಿನ ಪದ್ಧತಿ. ಅನಸೂಯಾ ಎದ್ದು ನಿಂತರು.

"ನಂಜುಂಡಸ್ವಾಮಿ," ಎಂದರು, ಅಧಿಕಾರಿಯತ್ತ ತಿರುಗಿ, ಕೋಣೆಗೆಲ್ಲ ಕೇಳುವಂತೆ. "ಮಾರ್ಚ್‌ನಲ್ಲಿ ಇನ್ನೊಂದು ಪಕ್ಷಕ್ಕೆ ಹಾಕಿದ್ದಾರೆ. ಇಲ್ಲಿ ಹಾಕೋ ಹಾಗಿಲ್ಲ. ಮಷೀನ್ ಸರಿಯಾಗಿದೆ."

ನಂಜುಂಡಸ್ವಾಮಿ ಹೆಂಡತಿಯನ್ನೇ ನೋಡಿದರು. ಆಮೇಲೆ ಲೈಸೆನ್ಸನ್ನು ಜೇಬಿಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಟರು. ಗೊಣಗಿದವನು ಮುಂದೆ ಬಂದು ತನ್ನ ಲೈಸೆನ್ಸ್ ಕೊಟ್ಟ.

ಅನಸೂಯಾ ಅದನ್ನು ತೆಗೆದುಕೊಂಡು ಸ್ಕ್ಯಾನ್ ಮಾಡಿದರು. ಇಷ್ಟು ವರ್ಷ ಬಾಯಿಗೆ ಬಾರದ ಹೆಸರು ಮೊದಲ ಸಲ ಬಂದದ್ದು, ಅವರನ್ನು ವಾಪಸ್ಸು ಕಳಿಸಲಿಕ್ಕೆ.