ಖಾಲಿ ಬಿಟ್ಟ ಮೊದಲ ಪುಟ

ಹದಿನಾಲ್ಕು ಸಾವಿರ ಕೇಳಿದ್ದ, ಒಂಬತ್ತಕ್ಕೆ ಇಳಿಸಿದೆ. ನಮ್ಮ ಗೋಣಿಚೀಲದ ವ್ಯಾಪಾರಕ್ಕೆ ಒಂದು ವೆಬ್‌ಸೈಟ್ ಮಾಡಿಸಲು ಆದ ಖರ್ಚು ಇದು. ಆ ಐದು ಸಾವಿರ ಹೇಗೆ ಉಳಿಯಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ನಾನು ಪಟ್ಟ ಪಾಡೆಲ್ಲ ಅದರಿಂದಲೇ ಬಂದದ್ದು.

ಚಾಮರಾಜನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವವನು ರೇಟನ್ನು ಬಿಡಿಬಿಡಿಯಾಗಿ ಹೇಳಿದ. ಪುಟ ಮಾಡುವುದಕ್ಕೆ ಇಷ್ಟು, ಸೈಟಿನ ವಿಳಾಸಕ್ಕೆ ಇಷ್ಟು, ಒಂದು ವರ್ಷ ನೋಡಿಕೊಳ್ಳುವುದಕ್ಕೆ ಇಷ್ಟು. ಬಿಡಿಸಿ ಹೇಳುವ ವ್ಯಾಪಾರಿ ಅಂದರೆ ನನಗೆ ಬಹಳ ಇಷ್ಟ. ಒಂದೊಂದನ್ನೇ ಹಿಡಿದು ಎಳೆಯಬಹುದು.

"ಬರೆಯೋದು ನಾನೇ ಬರ್ಕೋತೀನಿ. ನೋಡ್ಕೊಳೋದೂ ನಾನೇ. ನೀನು ಕೆಲಸ ಹೇಳ್ಕೊಡು ಸಾಕು," ಅಂದೆ.

"ಅಕ್ಕ, ಬೇರೆ ಏನಾದ್ರೂ ಕಮ್ಮಿ ಮಾಡ್ಸಿ. ನೋಡ್ಕೊಳೋದನ್ನ ಮಾತ್ರ ತೆಗೀಬ್ಯಾಡಿ."

"ಇಪ್ಪತ್ತು ವರ್ಷದಿಂದ ನನ್ನ ಗೋಡೌನ್ ಯಾರಪ್ಪ ನೋಡ್ಕೊಂಡವ್ರೆ? ತೆಗಿ, ತೆಗಿ."

ತೆಗೆದ. ಗೆದ್ದೆ ಅಂದುಕೊಂಡು ಬಸ್ ಹತ್ತಿದೆ.

ಗುಂಡ್ಲುಪೇಟೆಯಲ್ಲಿ ನನ್ನದು ಹಳೇ ಗೋಣಿಚೀಲದ ಕೆಲಸ. ಮಂಡಿಗಳಿಂದ ಖಾಲಿ ಚೀಲ ಕೊಂಡು, ಕೊಡವಿ, ವಿಂಗಡಿಸಿ, ತೂತು ಹೊಲಿಸಿ ಮತ್ತೆ ಮಾರುತ್ತೇನೆ. ನಾಲ್ಕು ಜನ ಹೆಂಗಸರು ಹೊಲಿಯುತ್ತಾರೆ. ಕೇರಳಕ್ಕೆ ಹೋಗುವ ಈರುಳ್ಳಿ ಲಾರಿಗಳೆಲ್ಲ ಬಲೆ ಚೀಲಕ್ಕೆ ತಿರುಗಿದ ಮೇಲೆ ನಮಗೆ ಕೆಲಸ ಕಮ್ಮಿಯಾಗುತ್ತ ಬಂತು. ಹೊಲಿಯಲು ಚೀಲ ಇಲ್ಲದ ದಿನವೂ ಆ ಹೆಂಗಸರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಸೂಜಿಗೆ ದಾರ ಪೋಣಿಸಿಕೊಂಡು ಕೂತು, ಊಟ ಮಾಡಿ, ನನ್ನ ಮುಖ ನೋಡದೆ ಎದ್ದು ಹೋಗುತ್ತಿದ್ದರು. ಅದನ್ನು ನೋಡುವುದು ಕಷ್ಟ.

ಆಗ ಸಿಕ್ಕಿದ್ದು ಬದನಗುಪ್ಪೆಯ ಒಂದು ಫ್ಯಾಕ್ಟರಿ. ತಿಂಗಳು ತಿಂಗಳು ಚೀಲ ಬೇಕು ಅಂದರು. ಅಲ್ಲಿ ಸಾಮಾನು ಕೊಳ್ಳುವ ವಿಭಾಗದ ಆಫೀಸರು ಮರ್ಯಾದಸ್ಥರು.

"ಮೂರು ಜನರ ಹೆಸರು ಮೇಲಕ್ಕೆ ಕಳಿಸ್ತಿದ್ದೀನಿ ಮೇಡಂ. ಮುಂದಿನ ಸೋಮವಾರ ಹನ್ನೊಂದಕ್ಕೆ ನಮ್ಮ ಸಾಹೇಬರು ಮೂವರ ವೆಬ್‌ಸೈಟೂ ನೋಡಿ ಒಬ್ಬರನ್ನ ಆರಿಸ್ತಾರೆ. ನಿಮ್ಮದು ಇದೆ ತಾನೆ?"

"ಇದೆ ಸಾರ್," ಅಂದೆ. ಇರಲಿಲ್ಲ.

ಹಾಗಾಗಿ ಚಾಮರಾಜನಗರ, ಹಾಗಾಗಿ ಒಂಬತ್ತು ಸಾವಿರ. ಎರಡು ಮಧ್ಯಾಹ್ನ ಪಾಠ ಆಯಿತು. ನನ್ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ಅವನು ಪುಟ ಮಾಡುವ ಸಾಫ್ಟ್‌ವೇರ್ ಹಾಕಿಕೊಟ್ಟ. ಎಡಗಡೆ ಪುಟಗಳ ಪಟ್ಟಿ, ಬಲಗಡೆ ಬರೆಯುವ ಜಾಗ. ಅವನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊಸ ಪುಟ ತೆಗೆದ ತಕ್ಷಣ ಹೆಸರಿಟ್ಟು ಸೇವ್ ಮಾಡಬೇಕು. ಹೆಸರು ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿರಬೇಕು, ನಡುವೆ ಜಾಗ ಬಿಡಬಾರದು. ಹೆಸರಿನ ಪಕ್ಕ ನಕ್ಷತ್ರ ಕಂಡರೆ ಇನ್ನೂ ಸೇವ್ ಆಗಿಲ್ಲ ಅಂತ ಅರ್ಥ. ಮೊದಲ ಪುಟದ ಹೆಸರು ಇಂಡೆಕ್ಸ್ ಅಂತಲೇ ಇರಬೇಕು, ನಮ್ಮ ವಿಳಾಸ ಒತ್ತಿದವರಿಗೆ ತೆರೆಯುವುದು ಅದೇ. ಎಲ್ಲ ಮುಗಿದ ಮೇಲೆ ಅಪ್‌ಲೋಡ್.

ಶನಿವಾರ ಗೋಡೌನಿನಲ್ಲಿ ಚೀಲದ ಅಟ್ಟಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಆ ನಕ್ಷತ್ರ ಉಳಿಯಬಾರದು ಅಂತ ಒಂದು ಸಾಲು ಬರೆದರೆ ಒಂದು ಸೇವ್.

ನಮ್ಮಲ್ಲಿ ಯಾವ ಹೊಸ ಪುಸ್ತಕ ತೆಗೆದರೂ ಮೊದಲ ಪುಟ ದೇವರದು. ಮೂಲೆಗೆ ಅರಿಶಿನ ಹಚ್ಚಿ, ನಡುವೆ ಶ್ರೀ ಬರೆದು, ಉಳಿದದ್ದನ್ನು ಖಾಲಿ ಬಿಡುತ್ತೇವೆ. ವ್ಯವಹಾರ ಏನಿದ್ದರೂ ಎರಡನೇ ಪುಟದಿಂದ. ಇಪ್ಪತ್ತು ವರ್ಷ ಹಾಗೇ ನಡೆಸಿದವಳು ಇಲ್ಲಿ ಯಾಕೆ ತಪ್ಪಿಸಲಿ? ಇಂಡೆಕ್ಸ್ ಪುಟ ತೆರೆದೆ. ಅವನು ಮಾದರಿಗೆ ಹಾಕಿದ್ದನ್ನೆಲ್ಲ ಅಳಿಸಿ, ನಡುವೆ ದೊಡ್ಡದಾಗಿ ಶ್ರೀ ಅಂತ ಹಾಕಿ ಸೇವ್ ಮಾಡಿದೆ. ಆಮೇಲೆ ಹೊಸ ಪುಟ ತೆಗೆದು ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲೇ 'ಎರಡು' ಅಂತ ಹೆಸರಿಟ್ಟೆ. ಚೀಲದ ಫೋಟೋ, ಅಳತೆ, ಗೋಡೌನ್ ವಿಳಾಸ, ಫೋನ್ ನಂಬರ್ ಎಲ್ಲ ಅದರಲ್ಲಿ. ಎಡಗಡೆ ಪಟ್ಟಿಯಲ್ಲಿ ಒಂದೊಂದನ್ನೇ ಒತ್ತಿ ನೋಡಿದೆ, ಎರಡೂ ತೆರೆದವು. ಅಪ್‌ಲೋಡ್ ಮಾಡಿ ಭಾನುವಾರ ಆಫೀಸರಿಗೆ ವಿಳಾಸ ಕಳಿಸಿದೆ. ಹೊಲಿಯುವ ಹೆಂಗಸರಿಗೂ ಹೆಮ್ಮೆಯಿಂದ ಹೇಳಿಬಿಟ್ಟೆ. ಹಾಗೆ ಮೊದಲೇ ಹೇಳಬಾರದಿತ್ತು.

ಸೋಮವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು.

"ಮೇಡಂ, ನಿಮ್ಮ ಸೈಟ್ ತೆಗೆದೆ. ಒಂದು ಶ್ರೀ ಇದೆ. ಮಿಕ್ಕಿದ್ದೆಲ್ಲಿ?"

"ಮುಂದಿನ ಪುಟದಲ್ಲಿದೆ ಸಾರ್. ತಿರುವಿ."

"ಎಲ್ಲಿ ತಿರುವಲಿ? ಒತ್ತೋಕೆ ಇಲ್ಲಿ ಏನೂ ಇಲ್ವಲ್ಲ."

ಆಗ ಹೊಳೆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ಪುಟ ಕಾಣುತ್ತಿದ್ದದ್ದು ಎಡಗಡೆ ಪಟ್ಟಿ ಇದ್ದದ್ದರಿಂದ. ನೋಡುವವರಿಗೆ ಆ ಪಟ್ಟಿ ಎಲ್ಲಿ ಬರುತ್ತೆ? ಪುಸ್ತಕವಾದರೆ ಹಾಳೆ ತಿರುವಬಹುದು. ಇಲ್ಲಿ ಹಾಳೆಯೇ ಇಲ್ಲ.

"ಹನ್ನೊಂದಕ್ಕೆ ಸಾಹೇಬರು ಕೂರ್ತಾರೆ ಮೇಡಂ," ಅಂದು ಆಫೀಸರು ಫೋನ್ ಇಟ್ಟರು.

ಅಂಗಡಿಯವನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹೊಲಿಯುವವರ ಕೈ ನಿಂತಿತ್ತು. ಏನಾಯಿತು ಅಂತ ಅವರು ಕೇಳಿದ್ದರೆ ಬೈದಾದರೂ ಹಗುರ ಮಾಡಿಕೊಳ್ಳುತ್ತಿದ್ದೆ. ನಾಲ್ಕನೇ ಸಲ ಎತ್ತಿದ, ಬೈಕಿನ ಮೇಲಿದ್ದನಂತೆ. ಆದದ್ದು ಹೇಳಿದೆ. ನಕ್ಕ.

"ನೋಡ್ಕೊಳೋದನ್ನ ತೆಗಿ ಅಂದೋರು ಯಾರಕ್ಕ?"

"ನಾನೇ ಕಣಪ್ಪ. ಈಗ ಎಷ್ಟು ಬೇಕೋ ಕೇಳು, ಕೊಡ್ತೀನಿ."

ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅವನಿಗೂ ಗಾಬರಿಯಾಗಿರಬೇಕು, ನಗು ನಿಲ್ಲಿಸಿದ. "ದುಡ್ಡು ಆಮೇಲೆ. ಫೋನ್ ಸ್ಪೀಕರ್‌ಗೆ ಹಾಕಿ, ಲ್ಯಾಪ್‌ಟಾಪ್ ತೆಗೀರಿ. ಎರಡನೇ ಪುಟ ತೆಗೆದು 'ಸೇವ್ ಆ್ಯಸ್' ಒತ್ತಿ. ಹೆಸರು ಇಂಡೆಕ್ಸ್ ಅಂತ ಕೊಡಿ."

ಕೊಟ್ಟೆ. ಈ ಹೆಸರಿನ ಪುಟ ಆಗಲೇ ಇದೆ, ಅದರ ಜಾಗಕ್ಕೆ ಇದನ್ನು ಇಡಲೇ ಅಂತ ಪರದೆ ಕೇಳಿತು.

"ಹೂಂ ಅನ್ನಿ. ಹಳೇದು ಅಳಿಸಿ ಹೋಯ್ತದೆ."

ಹೊಲಿಯುವವರಲ್ಲಿ ಹಿರಿಯಾಕೆ, ನಾನು ಈ ಕೆಲಸ ಶುರು ಮಾಡಿದ ದಿನದಿಂದ ಜೊತೆಗಿರುವವಳು, ಹಿಂದೆ ಬಂದು ನಿಂತಿದ್ದಳು. "ಶ್ರೀನ ಅಳಿಸ್ಬುಟ್ಟು ಅದ್ರ ಮ್ಯಾಲೆ ಚೀಲ ಇಕ್ಕೀಯಾ? ಬ್ಯಾಡ ಕಣಮ್ಮಿ."

ನನ್ನ ಬೆರಳು ಅಲ್ಲೇ ನಿಂತಿತು. ಈ ಆರ್ಡರ್ ಕೈತಪ್ಪಿದರೆ ಮೊದಲು ಕೆಲಸ ಹೋಗುವುದು ಅವಳದೇ, ಕಣ್ಣು ಮಂಜಾಗಿ ಹೊಲಿಗೆ ನಿಧಾನವಾಗಿದೆ. ಅದು ಅವಳಿಗೂ ಗೊತ್ತು. ಆದರೂ ಬೇಡ ಅಂದಳು. ಗಡಿಯಾರ ನೋಡಿದೆ, ಹತ್ತೂ ಇಪ್ಪತ್ತೈದು.

"ಯಾರಕ್ಕ ಅದು? ಅಳಿಸ್ಬ್ಯಾಡಿ ಬುಡಿ," ಅಂದ ಅವನು ಫೋನಿನಿಂದ. "ಬೇಡ ಅಂತ ಒತ್ತಿ. ಮೊದ್ಲು ಶ್ರೀ ಪುಟ ತೆಗೀರಿ. ಅದನ್ನ ಬೇರೆ ಹೆಸರಲ್ಲಿ ಸೇವ್ ಮಾಡನ. ಜೋಪಾನವಾಗಿ ಇರ್ತದೆ."

ಶ್ರೀ ಪುಟಕ್ಕೆ 'ದೇವರು' ಅಂತ ಹೆಸರು ಕೊಟ್ಟೆ. ಪಟ್ಟಿಯಲ್ಲಿ ಮೂರನೆಯದಾಗಿ ಬಂತು. ಹಿರಿಯಾಕೆಗೆ ತೋರಿಸಿದೆ. ಬಗ್ಗಿ ನೋಡಿ, "ಇಲ್ಲೇ ಅದೆ ಬುಡು," ಅಂದಳು. ಆಮೇಲೆ ತಾನೇ ಯೋಚಿಸಿ ಹೇಳಿದಳು, "ಲಗ್ನಪತ್ರಿಕೇಲಿ ಮ್ಯಾಲ್ಗಡೆ ಶ್ರೀ ಆಕಿ, ಅದೇ ಆಳೇಲಿ ತಾನೆ ಎಣ್ಣು ಗಂಡಿನ ಎಸರು ಬರೆಯೋದು? ಅಂಗೇ ಸಣ್ಣಗೆ ಇಕ್ಕು."

ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ಎರಡನೇ ಪುಟದ ನೆತ್ತಿಗೆ ಸಣ್ಣ ಶ್ರೀ ಹಾಕಿ, ಇಂಡೆಕ್ಸ್ ಅಂತ ಸೇವ್ ಮಾಡಿ, ಈ ಸಲ ಹೂಂ ಅಂದೆ. ನಕ್ಷತ್ರ ಹೋಯಿತು. ಅಪ್‌ಲೋಡ್ ಒತ್ತಿದೆ. ಗೆರೆ ಅರ್ಧಕ್ಕೆ ಬಂದು ನಿಂತಿತು. ಲ್ಯಾಪ್‌ಟಾಪಿಗೆ ನೆಟ್ ಬರುವುದು ನನ್ನ ಫೋನಿನಿಂದಲೇ, ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಬಂದೆ, ನೆಟ್‌ವರ್ಕ್ ಅಲ್ಲಿ ವಾಸಿ. ಹತ್ತೂ ಐವತ್ತಕ್ಕೆ ಮುಗಿಯಿತು. ಆದರೆ ನನ್ನ ಫೋನಿನಲ್ಲಿ ತೆರೆದರೆ ಮತ್ತದೇ ದೊಡ್ಡ ಶ್ರೀ! ಲೈನಿನಲ್ಲೇ ಇದ್ದ ಅಂಗಡಿಯವನಿಗೆ ಹೇಳಿದೆ.

"ಹಳೇದು ನಿಮ್ಮ ಫೋನ್‌ನಲ್ಲಿ ಉಳ್ಕೊಂಡದೆ ಅಕ್ಕ, ರಿಫ್ರೆಶ್ ಮಾಡಿ. ಆಫೀಸರಿಗೂ ಹೇಳಿ."

ಹೇಳಿದೆ. ಆಫೀಸರ ಕಡೆ ಕೀಲಿಮಣೆ ಟಕಟಕ ಅಂತು. "ಆಂ, ಬಂತು ಮೇಡಂ. ಚೀಲ ಕಾಣ್ತಿದೆ."

ಒಂದೂವರೆವರೆಗೂ ಸುದ್ದಿ ಇಲ್ಲ. ಆವತ್ತು ಯಾರೂ ಬುತ್ತಿ ಬಿಚ್ಚಲಿಲ್ಲ. ಆಮೇಲೆ ಫೋನ್ ಬಂತು: ಎರಡು ತಿಂಗಳು ಕೊಟ್ಟು ನೋಡಿ, ಚೀಲ ಸರಿ ಇದ್ದರೆ ಮುಂದುವರಿಸುತ್ತೇವೆ. ಹಿರಿಯಾಕೆ ಕೇಳಿದ್ದು ಒಂದೇ ಮಾತು, "ನಾಳೆಗೆ ದಾರ ಅದಾ?"

ಎರಡು ತಿಂಗಳು ಇನ್ನೂ ಮುಗಿದಿಲ್ಲ. ಅಂಗಡಿಯವನು ನೋಡಿಕೊಳ್ಳಲು ಐದು ಕೇಳಿದ, ನಾಲ್ಕೂವರೆಗೆ ಒಪ್ಪಿದ. ಎಷ್ಟು ಬೇಕೋ ಕೇಳು ಅಂದದ್ದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೀವೂ ಸೈಟ್ ಮಾಡಿಸುವವರಾದರೆ ಚೌಕಾಸಿ ಮಾಡಿ, ಬಿಡಬೇಡಿ. ಆದರೆ ಬಣ್ಣಕ್ಕೆ ಮಾಡಿ, ಚಿತ್ರಕ್ಕೆ ಮಾಡಿ, ಆಮೇಲೆ ನೋಡಿಕೊಳ್ಳುವ ದುಡ್ಡನ್ನು ಮುಟ್ಟಬೇಡಿ. ಇರುವ ಪುಟ ತೆರೆದರೆ ಒಂದಕ್ಷರ ಬದಲಿಸುವ ಮೊದಲೇ ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಎಲ್ಲ ಮುಗಿಯಿತು ಅನ್ನಿಸಿದಾಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿ ಖುಷಿಪಡಬೇಡಿ. ಪಕ್ಕದ ಅಂಗಡಿಯವರ ಫೋನಿನಲ್ಲಿ ವಿಳಾಸ ಒತ್ತಿಸಿ, ಏನು ಕಾಣುತ್ತಿದೆ ಅಂತ ಅವರ ಬಾಯಲ್ಲೇ ಕೇಳಿ. ಕೊಳ್ಳುವವರಿಗೆ ಕಳಿಸುವುದು ಅದಾದ ಮೇಲೆ.